ಹೊಸ ಮ್ಯಾಕ್ ಕೊಂಡ ಹುಬ್ಬಳ್ಳಿ-ಧಾರವಾಡದ ಕನ್ನಡ ಬರಹಗಾರರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಗೆಳೆಯರೇ,

ಹೋದ ಮಳೆಗಾಲದ ಒಂದು ಸಂಜೆ ಪಿಎಚ್‌ಡಿ ಮಾಡುತ್ತಿರುವ ಹುಡುಗಿಯೊಬ್ಬಳು ನಮ್ಮ ಮನೆಗೆ ಬಂದಳು. ಫೆಲೋಶಿಪ್ ಹಣ ಕೂಡಿಟ್ಟು, ಅಣ್ಣನ ಹತ್ತಿರ ಒಂದಿಷ್ಟು ಸಾಲ ಮಾಡಿ ಮ್ಯಾಕ್‌ಬುಕ್ ಏರ್ ಕೊಂಡಿದ್ದಳು. ಕೊಡೆಯೊಳಗೆ ತಾನು ನೆನೆದರೂ ಅದು ನೆನೆಯದಂತೆ ಎದೆಗವಚಿಕೊಂಡು ತಂದಿದ್ದಳು. ಕೂತವಳೇ ತನ್ನ ಗೈಡ್ ಹದಿನೈದು ವರ್ಷದ ಹಿಂದೆ ಬರೆದ ಲೇಖನದ ಫೈಲು ತೆರೆದು ತೋರಿಸಿದಳು. ‘ಕನ್ನಡ’ ಎಂಬ ಪದ ಇರಬೇಕಾದ ಕಡೆ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಒಂದು ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಎ. ಪುಟಗಟ್ಟಲೆ ಹೀಗೆಯೇ.

“ಸರ, ಮಷೀನ್ ಹೊಸಾದೈತ್ರಿ, ಆದರ ಕನ್ನಡನ ಕಾಣವಲ್ದು. ಮ್ಯಾಕ್ ತೊಗೊಂಡು ತಪ್ಪ ಮಾಡಿದ್ನೇನ್ರಿ?” ಎಂದಳು.

ತಪ್ಪು ಮಾಡಿರಲಿಲ್ಲ. ಅವಳಿಗೆ ಅಂದು ಎರಡು ತಾಸು ಕೂತು ಹೇಳಿದ್ದನ್ನು ನಿಮಗೆಲ್ಲ ಬರೆಯಬೇಕೆನಿಸಿತು. ಮೊಳೆ ಜೋಡಿಸುವ ಕಾಲದಲ್ಲಿ ಪ್ರೆಸ್ಸಿಗೆ ಸೇರಿದವನು ನಾನು. ಪೇಜ್‌ಮೇಕರ್ ದಾಟಿ, ಈಗ ಹನ್ನೆರಡು ವರ್ಷದಿಂದ ಮ್ಯಾಕ್‌ನಲ್ಲೇ ಕರಡು ತಿದ್ದುತ್ತೇನೆ, ಪುಟ ಕಟ್ಟುತ್ತೇನೆ. ವಿಶ್ವವಿದ್ಯಾಲಯದ ಸಂಶೋಧಕರು, ಸಪ್ತಾಪುರದ ಓಣಿಗಳಲ್ಲಿ ನೋಟ್ಸ್ ಸಿದ್ಧಪಡಿಸುವ ಮಾಸ್ತರರು, ಹುಬ್ಬಳ್ಳಿಯ ಪತ್ರಿಕೆಗಳಲ್ಲಿ ದುಡಿಯುವ ಹುಡುಗರು, ನಿವೃತ್ತಿಯ ಹಣದಲ್ಲಿ ಮಗ ಕೊಡಿಸಿದ ಲ್ಯಾಪ್‌ಟಾಪಿನಲ್ಲಿ ಆತ್ಮಕಥೆ ಬರೆಯುತ್ತಿರುವ ಹಿರಿಯರು, ಈ ಪತ್ರ ನಿಮಗೆ. ಹೊಸ ಮ್ಯಾಕ್‌ಗೆ ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ನೂರು ಪಟ್ಟಿ ಸಿಗುತ್ತವೆ. ಕನ್ನಡದಲ್ಲಿ ಬರೆದು ಬದುಕುವವನಿಗೆ ಮೊದಲು ಬೇಕಾದದ್ದು ಅವುಗಳಲ್ಲಿ ಇರುವುದಿಲ್ಲ.

ಆ ಹುಡುಗಿಯ ಪರದೆಯ ಮೇಲೆ ಆದದ್ದೇನು ಎಂಬುದರಿಂದಲೇ ಶುರು ಮಾಡುತ್ತೇನೆ. 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಡಿಟಿಪಿ ಅಂಗಡಿಗಳಲ್ಲಿ ಶ್ರೀಲಿಪಿ ಇತ್ತು. ಇವಿಲ್ಲದಿದ್ದರೆ ನಮ್ಮ ಊರುಗಳಲ್ಲಿ ಕಂಪ್ಯೂಟರಿಗೆ ಕನ್ನಡ ಅಷ್ಟು ಬೇಗ ಬರುತ್ತಿರಲಿಲ್ಲ, ಆ ಋಣ ದೊಡ್ಡದು. ಆದರೆ ಆ ಹಳೆಯ ಫಾಂಟುಗಳ ಉಪಾಯ ಹೀಗಿತ್ತು: ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಚೂರುಗಳನ್ನು ಕೂರಿಸುವುದು. ತಲೆಕಟ್ಟು ಒಂದು ಕಡೆ, ಒಡಲು ಇನ್ನೊಂದು ಕಡೆ, ಒತ್ತು ಮತ್ತೊಂದು ಕಡೆ. ಫಾಂಟು ಇರುವತನಕ ಕನ್ನಡ. ಫಾಂಟು ತೆಗೆದರೆ ಒಳಗಿರುವುದು ಪೌಂಡ್ ಚಿಹ್ನೆಯೇ. ಯೂನಿಕೋಡ್ ಹಾಗಲ್ಲ. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡಕ್ಕೆ ತನ್ನದೇ ಜಾಗವಿದೆ. ಹಳೆಯ ನುಡಿಯಲ್ಲಿ ಏಳು ಗುರುತು ಬೇಡುವ ‘ಕನ್ನಡ’ಕ್ಕೆ ಯೂನಿಕೋಡಿನಲ್ಲಿ ಐದು ಸಾಕು: ಕ, ನ, ಹಲಂತ, ನ, ಡ. ಫಾಂಟು ಬದಲಾದರೂ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ.

ಮ್ಯಾಕ್‌ಗೆ ಕನ್ನಡ ಸರಿಯಾಗಿ ಬಂದದ್ದು ತಡವಾಗಿ, 2011ರ ಲಯನ್ ಆವೃತ್ತಿಯಲ್ಲಿ. ಅದರೊಂದಿಗೆ ಬಂದ ಕನ್ನಡ ಎಂಎನ್, ಕನ್ನಡ ಸಂಗಮ್ ಎಂಎನ್ ಎಂಬ ಎರಡು ಫಾಂಟುಗಳು ಇಂದಿಗೂ ನಿಮ್ಮ ಯಂತ್ರದಲ್ಲಿವೆ. ಆ ‘ಎಂಎನ್’ ಎಂದರೆ ಮಲೇಶಿಯಾದ ತಮಿಳರಾದ ಮುತ್ತು ನೆಡುಮಾರನ್. ನಾವು ದಿನಾ ನೋಡುವ ಅಕ್ಷರಕ್ಕೆ ರೂಪ ಕೊಟ್ಟವರ ಹೆಸರು ನಮಗೆ ಗೊತ್ತಿರಲಿ ಎಂದು ಹೇಳಿದೆ.

ಈಗ ಕೀಲಿಮಣೆ. ಸಿಸ್ಟಂ ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗಕ್ಕೆ ಹೋಗಿ ಇನ್‌ಪುಟ್ ಸೋರ್ಸಸ್‌ನಲ್ಲಿ ಕನ್ನಡ ಸೇರಿಸಿ. ಇನ್‌ಸ್ಕ್ರಿಪ್ಟ್ ಮಾದರಿಯದೊಂದು, ಕ್ವೆರ್ಟಿ ಮಾದರಿಯದೊಂದು ಸಿಗುತ್ತವೆ. ನುಡಿಯಲ್ಲಿ ಕೆ.ಪಿ. ರಾವ್ ಅವರ ವಿನ್ಯಾಸಕ್ಕೆ ಬೆರಳು ಪಳಗಿದ್ದರೆ ಕ್ವೆರ್ಟಿ ಹತ್ತಿರದ್ದೆನಿಸುತ್ತದೆ, ಆದರೆ ಎಲ್ಲ ಕೀಲಿಗಳೂ ಒಂದೇ ಅಲ್ಲ. ಮೇಲಿನ ಪಟ್ಟಿಯಲ್ಲಿ ಕೀಬೋರ್ಡ್ ವ್ಯೂವರ್ ತೆರೆದಿಟ್ಟುಕೊಂಡು ಒಂದು ವಾರ ಅಭ್ಯಾಸ ಮಾಡಿ. ಇಪ್ಪತ್ತೈದರೊಳಗಿನವರಿಗೆ ನನ್ನ ಒತ್ತಾಯ ಮಾತ್ರ ಇನ್‌ಸ್ಕ್ರಿಪ್ಟ್ ಕಲಿಯಿರಿ ಎಂಬುದೇ. ಕನ್ನಡದ ‘ಕ’ ಇರುವ ಕೀಲಿಯಲ್ಲೇ ಮರಾಠಿಯ ‘ಕ’, ಹಿಂದಿಯ ‘ಕ’ ಇರುತ್ತವೆ. ಬೆಳಗಾವಿಯ ಕಡೆಯ ಮರಾಠಿ ದಾಖಲೆಗಳನ್ನು ನೋಡಲೇಬೇಕಾದ ನಮ್ಮ ಭಾಗದ ಸಂಶೋಧಕನಿಗೆ ಒಮ್ಮೆ ಕಲಿತದ್ದು ಮೂರು ಭಾಷೆಗೆ ಒದಗುತ್ತದೆ. ‘ಬರಹ’ದಂತೆ ರೋಮನ್ ಅಕ್ಷರ ಒತ್ತಿ ಕನ್ನಡ ಮೂಡಿಸಿದ ಕೈ ಬದಲಾಗುವುದಿಲ್ಲ ಎನ್ನುವ ಹಿರಿಯರಿಗೆ ಲಿಪಿಕಾ ಎಂಬ ಮುಕ್ತ ತಂತ್ರಾಂಶವಿದೆ; ಅದರಲ್ಲಿ ‘ಬರಹ’ದ ಕ್ರಮವನ್ನೇ ಆರಿಸಿಕೊಳ್ಳಬಹುದು. ನಿಮ್ಮದೇ ವಿನ್ಯಾಸ ಬೇಕೆಂದರೆ ಯುಕೆಲೆಲೆ ಎಂಬ ಉಚಿತ ಸಾಧನದಲ್ಲಿ ಕೀಲಿ ಕೀಲಿಯಾಗಿ ಕಟ್ಟಿಕೊಳ್ಳಬಹುದು. ಕನ್ನಡ-ಇಂಗ್ಲಿಷ್ ನಡುವೆ ಓಡಾಡಲು ಕ್ಯಾಪ್ಸ್ ಲಾಕ್ ಕೀಲಿಯನ್ನೇ ಒಪ್ಪಿಸಿಬಿಡಿ, ಅದಕ್ಕೊಂದು ಆಯ್ಕೆ ಅಲ್ಲೇ ಇದೆ. ಎಡಗೈ ಕಿರುಬೆರಳು ಒಮ್ಮೆ ತಟ್ಟಿದರೆ ಇಂಗ್ಲಿಷ್, ಇನ್ನೊಮ್ಮೆ ತಟ್ಟಿದರೆ ಕನ್ನಡ. ಹನ್ನೆರಡು ವರ್ಷದಲ್ಲಿ ನನ್ನ ಕೆಲಸವನ್ನು ಇಷ್ಟು ಹಗುರ ಮಾಡಿದ ಇನ್ನೊಂದು ಏರ್ಪಾಡಿಲ್ಲ.

ಕರಡು ತಿದ್ದುವವನ ಕಣ್ಣಿಗೆ ಮೊದಲು ಬೀಳುವುದು ‘ಸಾಫ್ಟ್‌ವೇರ್’ನಂಥ ಪದಗಳು. ಟ ಮತ್ತು ವ ಅಂಟಿಕೊಂಡು ಒತ್ತಕ್ಷರವಾಗಿ ಕೂತಿರುತ್ತವೆ. ಅವನ್ನು ಬಿಡಿಸಲು ಕಣ್ಣಿಗೆ ಕಾಣದ ಒಂದು ಗುರುತು ನಡುವೆ ಬೇಕು, ಅದಕ್ಕೆ ಝೀರೋ ವಿಡ್ತ್ ನಾನ್-ಜಾಯ್ನರ್ ಎನ್ನುತ್ತಾರೆ. ಇದರ ಜೋಡಿ, ಝೀರೋ ವಿಡ್ತ್ ಜಾಯ್ನರ್, ‘ರ‍್ಯಾಂಕ್’ ಬರೆಯುವಾಗ ಬೇಕು. ಅದಿಲ್ಲದಿದ್ದರೆ ರಕಾರ ಅರ್ಕಾವತ್ತಾಗಿ ಯಕಾರದ ಬಲಕ್ಕೆ ಜಿಗಿಯುತ್ತದೆ. ಕಂಟ್ರೋಲ್, ಕಮಾಂಡ್, ಸ್ಪೇಸ್ ಮೂರನ್ನೂ ಒತ್ತಿದರೆ ಕ್ಯಾರೆಕ್ಟರ್ ವ್ಯೂವರ್ ತೆರೆಯುತ್ತದೆ. ಅಲ್ಲಿ ಹೆಸರಿನಿಂದ ಹುಡುಕಿ ಎರಡನ್ನೂ ಮೆಚ್ಚಿನವುಗಳಿಗೆ ಸೇರಿಸಿಕೊಳ್ಳಿ. ಪದೇ ಪದೇ ಬರುವ ಪದಗಳನ್ನು ಕೀಬೋರ್ಡ್ ಸೆಟ್ಟಿಂಗಿನ ಟೆಕ್ಸ್ಟ್ ರಿಪ್ಲೇಸ್‌ಮೆಂಟ್‌ನಲ್ಲಿ ಇಡಿ. ನಾನು ‘ಕವಿವಿ’ ಎಂದು ಹೊಡೆದರೆ ‘ಕರ್ನಾಟಕ ವಿಶ್ವವಿದ್ಯಾಲಯ, ಧಾರವಾಡ’ ಎಂದು ಪೂರ್ತಿ ಮೂಡುತ್ತದೆ. ಅಡಿಟಿಪ್ಪಣಿಗಳ ನಡುವೆ ದಿನ ಕಳೆಯುವವರಿಗೆ ಇದು ಉಳಿಸುವ ವೇಳೆ ಸಣ್ಣದಲ್ಲ.

ಆ ಹುಡುಗಿಯ ಗೈಡಿನ ಲೇಖನಕ್ಕೆ ಮರಳುತ್ತೇನೆ. ಮೊದಲು ಹಳೆಯ ನುಡಿ ಫಾಂಟಿನ ಫೈಲನ್ನು ಮ್ಯಾಕ್‌ನ ಫಾಂಟ್ ಬುಕ್‌ಗೆ ಸೇರಿಸಿದೆವು, ಅಕ್ಷರ ಕಂಡವು. ಕಂಡರೆ ಸಾಲದು. ಯೂನಿಕೋಡಿಗೆ ಪರಿವರ್ತಿಸುವ ಉಚಿತ ಸಾಧನಗಳು ಅಂತರ್ಜಾಲದಲ್ಲಿವೆ, ಅವುಗಳಲ್ಲೊಂದರಲ್ಲಿ ಹಾಕಿ ತೆಗೆದೆವು. ಇಲ್ಲಿ ಎರಡು ಹಳ್ಳಗಳಿವೆ, ಎರಡರಲ್ಲೂ ನಾನು ಬಿದ್ದಿದ್ದೇನೆ. ಲೇಖನದ ನಡುವೆ ಇಂಗ್ಲಿಷ್ ಪದಗಳಿದ್ದರೆ ಸಾಧನಕ್ಕೆ ಅವು ಇಂಗ್ಲಿಷೆಂದು ಗೊತ್ತಾಗುವುದಿಲ್ಲ, ಏಕೆಂದರೆ ಕನ್ನಡದ ಚೂರುಗಳೂ ಅವೇ ಸಂಖ್ಯೆಗಳಲ್ಲಿವೆ. ಲೇಖಕರ ಹೆಸರು, ಗ್ರಂಥದ ಹೆಸರು ಎಲ್ಲ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ. ಪರಿವರ್ತಿಸುವ ಮೊದಲು ಇಂಗ್ಲಿಷ್ ಭಾಗಗಳಿಗೆ ಬಣ್ಣ ಹಚ್ಚಿ ಬೇರೆ ತೆಗೆದಿಡಿ.

ಇನ್ನೊಂದು ಹಳ್ಳ ಆಳವಾದದ್ದು. ಪರಿವರ್ತಿಸಿದ ಫೋಲ್ಡರಿನಲ್ಲಿ ‘ಬೇಂದ್ರೆ’ ಎಂದು ಹುಡುಕಿದೆ. ಆರು ಲೇಖನ ಬಂದವು, ಇರಬೇಕಾದದ್ದು ಹನ್ನೊಂದು. ಉಳಿದ ಐದರಲ್ಲೂ ‘ಬೇಂದ್ರೆ’ ಕಣ್ಣಿಗೆ ಕಾಣುತ್ತಿತ್ತು. ಯೂನಿಕೋಡಿನಲ್ಲಿ ಏತ್ವವನ್ನು ಒಂದೇ ಗುರುತಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಹುಡುಕುವ ಸಾಧನಕ್ಕೆ ಬೇರೆ ಬೇರೆ ಆಗಬಹುದು. ಈ, ಏ, ಐ, ಒ, ಓ ಕಾರಗಳ ಐದೂ ಚಿಹ್ನೆಗಳಿಗೆ ಈ ತೊಂದರೆಯಿದೆ. ಪರಿವರ್ತನೆಯಾದ ತಕ್ಷಣ ಫೈಂಡ್-ರಿಪ್ಲೇಸ್ ಹಾಕಿ ಬಿಡಿ ಬಿಡಿಯಾಗಿ ಕೂತವನ್ನು ಒಂದಾಗಿಸಿ. ಒಂದು ಸಂಶೋಧನೆಯ ಆಧಾರ ಪಟ್ಟಿಯಿಂದ ಅರ್ಧ ಆಧಾರಗಳು ಮಾಯವಾಗಲು ಇಷ್ಟು ಸಾಕು, ಆದ್ದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಸಾಫ್ಟ್‌ವೇರ್ ಪಟ್ಟಿಯನ್ನು ನಾನು ಸಣ್ಣದಾಗಿಯೇ ಇಡುತ್ತೇನೆ. ಬರೆಯಲು ಲಿಬ್ರೆ ಆಫೀಸ್: ಹಣವಿಲ್ಲ, ಕನ್ನಡ ಒಡೆಯುವುದಿಲ್ಲ, ವಿಂಡೋಸ್ ಇರುವವರಿಗೆ ಡಾಕ್ಸ್ ಆಗಿ ಕಳಿಸಬಹುದು. ಮ್ಯಾಕ್‌ನೊಂದಿಗೇ ಬರುವ ಪೇಜಸ್ ಕೂಡ ಚೆನ್ನಾಗಿದೆ, ಆದರೆ ಅದರ ಮೂಲ ಫೈಲನ್ನು ಯಾರಿಗೂ ಕಳಿಸಬೇಡಿ, ನಮ್ಮ ಊರಿನ ಯಾವ ಅಂಗಡಿಯಲ್ಲೂ ತೆರೆಯುವುದಿಲ್ಲ. ಸಂಶೋಧಕರಿಗೆ ಝೋಟೆರೊ ಬೇಕೇ ಬೇಕು. ಗ್ರಂಥಋಣ ಕೈಯಿಂದ ಜೋಡಿಸುವ ಶಿಕ್ಷೆಯನ್ನು ಇನ್ನು ಯಾರೂ ಅನುಭವಿಸಬೇಕಿಲ್ಲ. ಸಂದರ್ಶನದ ಧ್ವನಿಮುದ್ರಣ ಕೇಳಲು ವಿಎಲ್‌ಸಿ. ಬ್ರೌಸರಿನಲ್ಲಿ ಅಲರ್ ನಿಘಂಟನ್ನು ಗುರುತಿಸಿಟ್ಟುಕೊಳ್ಳಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಆ ಕನ್ನಡ-ಇಂಗ್ಲಿಷ್ ಕೋಶ 2019ರಿಂದ ಎಲ್ಲರಿಗೂ ಮುಕ್ತವಾಗಿದೆ. ಟರ್ಮಿನಲ್ ಎಂದರೆ ಹೆದರದ ಎಂಜಿನಿಯರಿಂಗ್ ಹುಡುಗರು ಹೋಮ್‌ಬ್ರೂ ಹಾಕಿ, ಅದರ ಮೂಲಕ ಟೆಸೆರಾಕ್ಟ್ ಮತ್ತು ಅದರ ಕನ್ನಡ ದತ್ತಾಂಶ ಇಳಿಸಿಕೊಳ್ಳಿ. ಸ್ಕ್ಯಾನ್ ಮಾಡಿದ ಹಳೆಯ ಪುಟದಿಂದ ಅಕ್ಷರ ಎತ್ತಿಕೊಡುತ್ತದೆ. ತಪ್ಪುಗಳಿರುತ್ತವೆ, ಕರಡು ತಿದ್ದಲೇಬೇಕು, ಆದರೂ ಮೊದಲಿನಿಂದ ಟೈಪಿಸುವುದಕ್ಕಿಂತ ವಾಸಿ.

ಪುಟ ಕಟ್ಟುವವರಿಗೆ ಒಂದು ಮಾತು. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 2001ರದು, ಈಗಿನ ಮ್ಯಾಕ್‌ನಲ್ಲಿ ಓಡುವುದಿಲ್ಲ. ಆಪಲ್‌ನದೇ ಚಿಪ್ ಇರುವ ಈಗಿನ ಮ್ಯಾಕ್‌ಗಳಲ್ಲಿ ವಿಂಡೋಸ್ ಹಾಕಿಕೊಳ್ಳುವ ಬೂಟ್‌ಕ್ಯಾಂಪ್ ಕೂಡ ಇಲ್ಲ. ಯುಟಿಎಂನಂಥ ಸಾಧನದಲ್ಲಿ ವಿಂಡೋಸ್ ಓಡಿಸಬಹುದು, ಆದರೆ ಅದಕ್ಕಾಗಿ ಡಿಸ್ಕ್ ತುಂಬಿಸಿಕೊಳ್ಳುವ ಬದಲು ಹಳೆಯ ಪೇಜ್‌ಮೇಕರ್ ಕೆಲಸಕ್ಕೆ ಓಣಿಯಲ್ಲೊಂದು ಹಳೆಯ ವಿಂಡೋಸ್ ಯಂತ್ರವನ್ನು ಜೀವಂತ ಇಡುವುದು ಲೇಸು. ಇನ್‌ಡಿಸೈನ್ ಕೊಳ್ಳುವ ಶಕ್ತಿ ಇದ್ದವರು ಅದರಲ್ಲಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆರಿಸಲು ಮರೆಯಬೇಡಿ, ಇಲ್ಲದಿದ್ದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಶಕ್ತಿ ಇಲ್ಲದವರಿಗೆ ಸ್ಕ್ರೈಬಸ್ ಉಚಿತವಾಗಿದೆ. ಕದ್ದ ಆವೃತ್ತಿ ಹಾಕಿಕೊಡುತ್ತೇನೆ ಎನ್ನುವವರಿಗೆ ಲಕ್ಷದ ಆಸುಪಾಸಿನ ಯಂತ್ರವನ್ನು ಒಪ್ಪಿಸಬೇಡಿ. ಅದರ ಜೊತೆ ಒಳಗೆ ಬರುವುದೇನೆಂದು ಹಾಕಿದವನಿಗೂ ಗೊತ್ತಿರುವುದಿಲ್ಲ. ಮ್ಯಾಕ್ ‘ಸ್ವಚ್ಛ’ ಮಾಡುವ ಸಾಫ್ಟ್‌ವೇರ್‌ಗಳೂ ಬೇಡ. ಫಾಂಟುಗಳಲ್ಲಿ ನೋಟೋ ಸೆರಿಫ್ ಕನ್ನಡ, ತೀರೊ ಕನ್ನಡ ಪುಸ್ತಕದ ಒಡಲಿಗೆ ಒಪ್ಪುತ್ತವೆ. ಗೂಗಲ್ ಫಾಂಟ್ಸ್‌ನಲ್ಲಿ ‘ಹುಬ್ಬಳ್ಳಿ’ ಎಂಬ ಹೆಸರಿನದೇ ಒಂದು ಫಾಂಟಿದೆ ಎಂದು ನಿಮಗೆ ಗೊತ್ತೇ? ಎರಿನ್ ಮೆಕ್‌ಲಾಫ್ಲಿನ್ ಎಂಬ ವಿನ್ಯಾಸಕಿ ಮಾಡಿದ್ದು, ಒಂದೇ ದಪ್ಪದ ಗೆರೆಯಲ್ಲಿ ಕನ್ನಡವನ್ನೂ ರೋಮನ್ನನ್ನೂ ಬರೆದ ಸರಳ ಅಕ್ಷರ. ಆಮಂತ್ರಣ ಪತ್ರಿಕೆಗೆ ಬಳಸಿ ನೋಡಿ, ಊರಿನ ಹೆಸರಿಗೆ ತಕ್ಕಂತಿದೆ.

ವಿಂಡೋಸ್‌ನಿಂದ ಬಂದವರಿಗೆ ಮೊದಲ ದಿನ ತೊಡಕಾಗುವುದು ಎಂಟರ್ ಕೀಲಿ. ಇಲ್ಲಿ ಅದು ಫೈಲು ತೆರೆಯುವುದಿಲ್ಲ, ಹೆಸರು ಬದಲಿಸುತ್ತದೆ. ತೆರೆಯಲು ಕಮಾಂಡ್ ಜೊತೆ ಕೆಳಗಿನ ಬಾಣ. ಕೆಂಪು ಗುಂಡಿ ಕಿಟಕಿಯನ್ನಷ್ಟೇ ಮುಚ್ಚುತ್ತದೆ, ಕೆಲಸ ಮುಗಿಸಲು ಕಮಾಂಡ್-ಕ್ಯೂ. ಫೈಲಿನ ಮೇಲೆ ನಿಂತು ಸ್ಪೇಸ್ ತಟ್ಟಿದರೆ ತೆರೆಯದೆಯೇ ಒಳಗೇನಿದೆ ಕಾಣುತ್ತದೆ. ನೂರು ಸ್ಕ್ಯಾನ್ ಪುಟಗಳ ನಡುವೆ ಬೇಕಾದ ತಾಮ್ರಪಟ ಹುಡುಕುವಾಗ ಇದರ ಬೆಲೆ ತಿಳಿಯುತ್ತದೆ. ಫೈಲು ಕತ್ತರಿಸಿ ಅಂಟಿಸಲು ಕಮಾಂಡ್-ಸಿ ಒತ್ತಿ, ಅಂಟಿಸುವಾಗ ಕಮಾಂಡ್-ಆಪ್ಶನ್-ವಿ. ಬೇರೆ ಕಡೆಯಿಂದ ತಂದ ಪಠ್ಯವನ್ನು ಅದರ ಫಾಂಟು, ಬಣ್ಣ ಬಿಟ್ಟು ಬರೀ ಅಕ್ಷರವಾಗಿ ಇಳಿಸಲು ಕಮಾಂಡ್-ಆಪ್ಶನ್-ಶಿಫ್ಟ್-ವಿ. ಕರಡಿನ ಕೆಲಸದಲ್ಲಿ ದಿನಕ್ಕೆ ಐವತ್ತು ಸಲ ಒತ್ತುವ ಕೀಲಿ ನನಗೆ ಇದೇ. ಪಿಡಿಎಫ್ ಕೂಡಿಸಲು, ಪುಟ ತೆಗೆಯಲು, ಸಹಿ ಹಾಕಲು ಏನನ್ನೂ ಕೊಳ್ಳಬೇಡಿ. ಪ್ರಿವ್ಯೂನಲ್ಲಿ ಒಂದರ ಪುಟಗಳನ್ನು ಇನ್ನೊಂದರ ಅಂಚಿನ ಪಟ್ಟಿಗೆ ಎಳೆದು ಬಿಟ್ಟರೆ ಆಯಿತು. ಒಂದೇ ಸಲ ಇನ್ನೂರು ಫೈಲಿನ ಹೆಸರು ಬದಲಿಸಬೇಕೇ? ಎಲ್ಲವನ್ನೂ ಆರಿಸಿ ಬಲಗುಂಡಿ ಒತ್ತಿದರೆ ರೀನೇಮ್ ಇದೆ.

ಪೆನ್‌ಡ್ರೈವ್ ಬಗ್ಗೆ ಎಚ್ಚರ ಹೇಳಲೇಬೇಕು. ಪ್ರಬಂಧ ಸಲ್ಲಿಸುವ ಹಿಂದಿನ ದಿನ ಝೆರಾಕ್ಸ್ ಅಂಗಡಿಯಲ್ಲಿ ಸಾಲು ನಿಂತು, ಪಾಳಿ ಬಂದಾಗ ಫೈಲು ತೆರೆಯದೆ ಅತ್ತವರನ್ನು ಕಂಡಿದ್ದೇನೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಪೆನ್‌ಡ್ರೈವನ್ನು ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ. ಮ್ಯಾಕ್‌ಗೆಂದೇ ಸಿದ್ಧಮಾಡಿದ್ದನ್ನು ಅಂಗಡಿಯ ವಿಂಡೋಸ್ ಓದುವುದೇ ಇಲ್ಲ. ಡಿಸ್ಕ್ ಯುಟಿಲಿಟಿಯಲ್ಲಿ ಎಕ್ಸ್‌ಫ್ಯಾಟ್ ಎಂದು ಫಾರ್ಮ್ಯಾಟ್ ಮಾಡಿದ ಒಂದು ಪೆನ್‌ಡ್ರೈವ್ ಯಾವಾಗಲೂ ಚೀಲದಲ್ಲಿರಲಿ. ಅಂಗಡಿಯವನ ಪರದೆಯಲ್ಲಿ ಚುಕ್ಕೆ ಮತ್ತು ಅಡಿಗೆರೆಯಿಂದ ಶುರುವಾಗುವ, ನಿಮ್ಮ ಫೈಲಿನದೇ ಹೆಸರಿನ ಇನ್ನೊಂದು ಪುಟ್ಟ ಫೈಲು ಕಾಣಬಹುದು. ಅದು ಮ್ಯಾಕ್ ತನ್ನ ಲೆಕ್ಕಕ್ಕೆ ಇಟ್ಟುಕೊಂಡದ್ದು, ವೈರಸ್ ಅಲ್ಲ. ಅದನ್ನು ಬಿಟ್ಟು ದೊಡ್ಡ ಫೈಲು ತೆರೆಯಲು ಹೇಳಿ. ಅಚ್ಚಿಗೆ ಕೊಡುವುದು ಎಂದಿಗೂ ಪಿಡಿಎಫ್ ಆಗಿಯೇ ಇರಲಿ.

ಇನ್ನು ಪ್ರತಿ ತೆಗೆದಿಡುವುದು. ಜನಪದ ಹಾಡುಗಳ ಒಂದು ಸಂಗ್ರಹ, ಮುನ್ನೂರು ಪುಟ, ಎರಡನೆಯ ಕರಡು ಮುಗಿದಿತ್ತು. ನನ್ನ ಡಿಸ್ಕ್ ಒಂದು ಬೆಳಿಗ್ಗೆ ಶುರುವಾಗಲಿಲ್ಲ. ಬೇರೆ ಪ್ರತಿ ಇರಲಿಲ್ಲ, ಅದು ಪೂರ್ತಿ ನನ್ನದೇ ತಪ್ಪು. ಕೆಂಪು ಶಾಯಿಯ ಗುರುತಿದ್ದ ಕರಡು ಹಾಳೆಗಳು ಉಳಿದಿದ್ದರಿಂದ ಎರಡು ತಿಂಗಳು ಕೂತು ಮತ್ತೆ ಟೈಪು ಮಾಡಿದೆ. ಹಾಡಿದ ಅಜ್ಜಿಯರಲ್ಲಿ ಇಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು. ಹಾಳೆಗಳೂ ಹೋಗಿದ್ದರೆ ಆ ಹಾಡುಗಳನ್ನು ಯಾರ ಬಾಯಿಂದ ಬರೆದುಕೊಳ್ಳಬೇಕಿತ್ತು?

ಮ್ಯಾಕ್‌ನಲ್ಲಿ 2007ರಿಂದ ಟೈಮ್ ಮಷೀನ್ ಇದೆ. ಯಂತ್ರದ ಸಂಗ್ರಹದ ಎರಡರಷ್ಟು ದೊಡ್ಡ ಡಿಸ್ಕ್ ಒಂದನ್ನು ಕೊಂಡು ಚುಚ್ಚಿದರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ನಿನ್ನೆಯ ಕರಡು, ಹೋದ ವಾರದ ಕರಡು ಎಲ್ಲಕ್ಕೂ ಹಿಂತಿರುಗಬಹುದು. ಡಿಸ್ಕ್ ಮೊದಲು ಖಾಲಿ ಇರಲಿ, ಏಕೆಂದರೆ ಅದನ್ನು ಟೈಮ್ ಮಷೀನ್‌ಗೆ ಸಿದ್ಧಮಾಡುವಾಗ ಒಳಗಿದ್ದುದು ಅಳಿಸಿಹೋಗುತ್ತದೆ. ಒಂದು ಡಿಸ್ಕ್ ಸಾಲದು. ನಮ್ಮದು ಅವಳಿನಗರ, ನಡುವೆ ಸುಮಾರು ಇಪ್ಪತ್ತು ಕಿಲೋಮೀಟರ್, ಚಿಗರಿ ಬಸ್ಸಿದೆ. ನನ್ನ ಒಂದು ಡಿಸ್ಕ್ ಧಾರವಾಡದ ಮನೆಯಲ್ಲಿದೆ, ಇನ್ನೊಂದು ಹುಬ್ಬಳ್ಳಿಯಲ್ಲಿ ತಂಗಿಯ ಮನೆಯ ಕಪಾಟಿನಲ್ಲಿದೆ. ತಿಂಗಳಿಗೊಮ್ಮೆ ಹೋಗಿ ಅದಲು ಬದಲು ಮಾಡಿ ಬರುತ್ತೇನೆ. ಫೈಲ್‌ವಾಲ್ಟ್ ಚಾಲೂ ಮಾಡಿ, ಯಂತ್ರ ಕಳುವಾದರೂ ಬರಹ ಬೇರೆಯವರ ಕೈಗೆ ಸಿಗುವುದಿಲ್ಲ. ಅದರ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದು ಮನೆಯ ಕಾಗದಪತ್ರಗಳ ಜೊತೆ ಇಡಿ. ಪಾಸ್‌ವರ್ಡೂ ಅದೂ ಎರಡೂ ಕಳೆದರೆ ಒಳಗಿನದನ್ನು ಯಾರೂ ತೆಗೆದುಕೊಡಲಾರರು.

ಕೊನೆಗೆ ಒಂದು ಬೇಡಿಕೆ. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ, 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರುಮಾಡಿದ ಊರು ಧಾರವಾಡ. ಆ ಕಾಲದ ಕಾಗದ ಇನ್ನೂ ಓದಲು ಬರುತ್ತದೆ. ಇಪ್ಪತ್ತು ವರ್ಷದ ಹಿಂದೆ ನಮ್ಮ ಮೇಷ್ಟ್ರುಗಳು, ಸಣ್ಣ ಪ್ರಕಾಶಕರು, ಸಂಪಾದಕರು ನುಡಿಯಲ್ಲಿ, ಬರಹದಲ್ಲಿ, ಶ್ರೀಲಿಪಿಯಲ್ಲಿ ಟೈಪಿಸಿ ಸಿಡಿಗಳಲ್ಲಿ ಬರೆದಿಟ್ಟದ್ದು ಈಗಲೇ ಅರ್ಧ ಓದಲಾಗುತ್ತಿಲ್ಲ. ಹೊಸ ಮ್ಯಾಕ್‌ಗಳಲ್ಲಿ ಸಿಡಿ ಹಾಕುವ ಜಾಗವೂ ಇಲ್ಲ. ನಿಮ್ಮ ಮನೆಯ ಕಪಾಟಿನಲ್ಲಿ, ವಿಭಾಗದ ಅಲ್ಮೇರಾದಲ್ಲಿ, ಮುಚ್ಚಿದ ಡಿಟಿಪಿ ಅಂಗಡಿಯ ಡಬ್ಬಿಯಲ್ಲಿ ಅಂಥ ಸಿಡಿಗಳಿದ್ದರೆ ಈ ವಾರವೇ ಹೊರತೆಗೆಯಿರಿ. ಹೊಸ ಯಂತ್ರದಲ್ಲಿ ಮಾಡುವ ಮೊದಲ ದೊಡ್ಡ ಕೆಲಸ ಅದಾಗಲಿ. ಮೂಲ ಫೈಲನ್ನೂ ಅಳಿಸದೆ ಇಡಿ, ಯೂನಿಕೋಡ್ ಪ್ರತಿಯನ್ನೂ ಇಡಿ, ಯಾವ ಫಾಂಟಿನಲ್ಲಿತ್ತು ಎಂದು ಫೋಲ್ಡರಿನಲ್ಲೇ ಬರೆದಿಡಿ.

ಆ ಹುಡುಗಿ ತನ್ನ ಗೈಡಿನ ಇಪ್ಪತ್ತೆರಡು ಲೇಖನಗಳನ್ನು ದೀಪಾವಳಿಯ ಹೊತ್ತಿಗೆ ಪರಿವರ್ತಿಸಿ ಮುಗಿಸಿದಳು. ಹೊರಗಿನಿಂದ ಜೋಡಿಸುವ ಸಿಡಿ ಡ್ರೈವ್ ಒಂದು ನನ್ನ ಹತ್ತಿರ ಇದೆ, ಭಾನುವಾರಗಳಂದು ನಾನು ಮನೆಯಲ್ಲೇ ಇರುತ್ತೇನೆ. ನನ್ನ ಮನೆ ಗೊತ್ತಿರುವವರೆಲ್ಲ ಸಿಡಿಗಳನ್ನು ತನ್ನಿ.

ನಿಮ್ಮ,
ಧಾರವಾಡದ ಒಬ್ಬ ಕರಡು ತಿದ್ದುವವ